ನಲವತ್ತೊಂದು ನೋಟಿಸು

ನಮ್ಮೂರಲ್ಲಿ ಹೊಸದಾಗಿ ಮನೆ ಕಟ್ಟಿಸುವವರು ನಲ್ಲಿಗೆ ಕಬ್ಬಿಣದ ಪೈಪು ಹಾಕಿಸುವುದಿಲ್ಲ. ರಬ್ಬರು ಪೈಪು ತಂದು, ನೂರಡಿ ಹೆಚ್ಚಿಗೇ ಸುರುಳಿ ಸುತ್ತಿ ಹಿತ್ತಲಲ್ಲಿ ಇಟ್ಟುಕೊಳ್ಳುತ್ತಾರೆ. ಕರೆಂಟಿನವನೂ ಅಷ್ಟೇ, ಕಂಬದಿಂದ ತಂತಿ ಎಳೆಯುವಾಗ ನಾಲ್ಕು ಸುತ್ತು ಸಡಿಲ ಬಿಟ್ಟು, “ಇರ್ಲಿ ಬಿಡಿ ಅಮ್ಮ, ಬೇಕಾಗುತ್ತೆ” ಅನ್ನುತ್ತಾನೆ. ಬೇಕಾಗಿಯೇ ಆಗುತ್ತದೆ. ನಿವಾಸಿಗಳ ಸಂಘದಿಂದ ಒಂದು ನೋಟಿಸು ಬಂದು, ಮನೆಯ ಯಜಮಾನರು ಅದನ್ನು ಓದಿಕೊಂಡರು ಅಂದರೆ, ಮಾರನೆಯ ದಿನ ಹೊತ್ತು ಮೂಡುವಷ್ಟರಲ್ಲಿ ಆ ಮನೆ ಹತ್ತು ಹೆಜ್ಜೆ ಪಡುವಲಕ್ಕೆ, ಕಾಂಪೌಂಡು ಗೋಡೆಯ ಕಡೆಗೆ ಸರಿದಿರುತ್ತದೆ. ಪಾತ್ರೆಪಡಗ ಒಂದೂ ಅಲುಗುವುದಿಲ್ಲ, ಮುಚ್ಚಿಟ್ಟ ಹಾಲು ತುಳುಕುವುದಿಲ್ಲ. ನಡುವೆ ಬೇರೆಯವರ ಮನೆ ಇದ್ದರೆ ಅದು ಬಸ್ಸಿನಲ್ಲಿ ಕೂತವರು ಮೊಣಕಾಲು ಓರೆ ಮಾಡುವ ಹಾಗೆ ಒಂದಿಷ್ಟು ಒತ್ತರಿಸಿಕೊಂಡು ದಾರಿ ಬಿಡುತ್ತದೆ. ಗಿಡಮರ, ಬಾವಿ, ಗೇಟು ಮಾತ್ರ ಇದ್ದಲ್ಲೇ ಉಳಿಯುತ್ತವೆ. ನಾನು ನೆಟ್ಟ ಕರಿಬೇವಿನ ಗಿಡ ಈಗ ಯಾರದೋ ಅಡುಗೆಮನೆಯ ಕಿಟಕಿಗೆ ತಾಗಿಕೊಂಡಿದೆ. ಒಗ್ಗರಣೆಗೆ ನಾಲ್ಕು ಎಲೆ ಬೇಕಾದರೆ ನಾನು ಅವರ ಬಾಗಿಲು ತಟ್ಟಿ ಹಲ್ಲು ಕಿರಿಯಬೇಕು.

ಗೋಡೆಯ ಆಚೆ ಏನಿದೆ ಎಂದು ಕೇಳಿದರೆ ನಮ್ಮವರು ಮಾತು ಹಾರಿಸುತ್ತಾರೆ. ಇರುವುದು ಒಂದಿಷ್ಟು ಬೋಳು ನೆಲ, ಅದರಾಚೆ ಹಳೆಯ ಕಲ್ಲುಕ್ವಾರಿ. ಇಣುಕಿದರೆ ತಲೆ ಸುತ್ತುವಷ್ಟು ಆಳ. ಗೋಡೆ ದಾಟಿದ ಮನೆಗೆ ನಲ್ಲಿಯಿಲ್ಲ, ದೀಪವಿಲ್ಲ, ಸಂಘದ ಪಟ್ಟಿಯಲ್ಲಿ ಹೆಸರಿಲ್ಲ. ಆ ಮನೆಯ ಮಕ್ಕಳಿಗೆ ಊರಿನ ಶಾಲೆಯಿಲ್ಲ. ನಿನ್ನೆಯವರೆಗೆ ಸಲಾಮು ಹೊಡೆಯುತ್ತಿದ್ದ ಗೇಟಿನ ಕಾವಲುಗಾರ ಇವತ್ತು “ಯಾರು ಬೇಕಿತ್ತು?” ಅನ್ನುತ್ತಾನೆ. ಹಾಗೆ ದಾಟಿದವರು ಮೂರೋ ನಾಲ್ಕೋ ದಿನ ಗೇಟಿನ ಹತ್ತಿರ ನಿಂತು ವಾದ ಮಾಡಿ, ಆಮೇಲೆ ಗಂಟುಮೂಟೆ ಕಟ್ಟಿಕೊಂಡು ಎಲ್ಲಿಗೋ ಹೊರಟುಹೋಗುತ್ತಿದ್ದರು. ಎಲ್ಲಿಗೆ ಎಂದು ನಾವು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಅದಕ್ಕೂ ಒಂದು ನೋಟಿಸು ಬಂದೀತೆಂಬ ಹೆದರಿಕೆ. ಹೆದರಿಕೆ ಅನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ಮನೆ ಒಳಗಿದೆಯಲ್ಲ, ಸದ್ಯ, ಎಂಬ ನೆಮ್ಮದಿಯೇ ಹೆಚ್ಚು.

ನನ್ನ ಹೆಸರು ವನಜಾಕ್ಷಿ. ಗಂಡ ತೀರಿಕೊಂಡು ಆರು ವರ್ಷ. ನಡುಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿಕೊಟ್ಟು ನನ್ನದೂ ಮಗಳು ಹೇಮಾವತಿಯದೂ ಹೊಟ್ಟೆ ಹೊರೆಯುತ್ತೇನೆ. ಸಂಘದ ಲೆಕ್ಕದಲ್ಲಿ ಇದು ವಾಸದ ಮನೆಯಲ್ಲಿ ವ್ಯಾಪಾರ. ಅದಕ್ಕೊಂದು ನೋಟಿಸು, ಮಕ್ಕಳು ಬಾಗಿಲಲ್ಲಿ ಚಪ್ಪಲಿ ಚೆಲ್ಲಾಪಿಲ್ಲಿ ಬಿಟ್ಟಿದ್ದಕ್ಕೊಂದು, ಮಗ್ಗಿ ಹೇಳಿಸುವ ಸದ್ದಿಗೊಂದು. ಓದದೆ ಇರೋಣವೆಂದರೆ ಆಗದು. ಸಂಘದ ಜವಾನ ಬಾಗಿಲಲ್ಲೇ ನಿಂತು, ನಮ್ಮ ಕಣ್ಣು ಕೊನೆಯ ಸಾಲಿಗೆ ಇಳಿಯುವವರೆಗೆ ಕಾದು, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಕದ ಹಾಕಿಕೊಂಡು ಒಳಗೆ ಕೂತರೆ ಮೂರನೆಯ ದಿನಕ್ಕೆ ನೀರು ನಿಲ್ಲುತ್ತದೆ. ಹೀಗೆ ಸರಿದು ಸರಿದು, ನಾನು ಹೇಳುತ್ತಿರುವ ಹೊತ್ತಿಗೆ ನನ್ನ ಮನೆಗೂ ಗೋಡೆಗೂ ನಡುವೆ ಉಳಿದಿದ್ದು ಎಂಟು ಹೆಜ್ಜೆ. ಇನ್ನೊಂದು ನೋಟಿಸು ಬಂದಿದ್ದರೆ ನಾವು ಹೊರಗೆ. ಹೇಮಾ ಆಗ ಒಂಬತ್ತನೆಯ ಕ್ಲಾಸು.

ಊರಿಗೆಲ್ಲ ಒಂದಿಂಚೂ ಸರಿಯದ ಮನೆ ಅಂತ ಇದ್ದದ್ದು ಒಂದೇ, ಲಿಂಗದೇವರದು. ನೀರಿನ ಟ್ಯಾಂಕಿನ ಪಕ್ಕ, ಊರಿನ ನಟ್ಟನಡುವೆ ಇತ್ತು. ಲಿಂಗದೇವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಐವತ್ತು ದಾಟಿದ ಗಟ್ಟಿ ಆಳು, ಒಂಟಿ ಜೀವ. ಬೆತ್ತದ ಕುರ್ಚಿ ಹೆಣೆಯುವುದರಲ್ಲಿ ಅವರ ಕೈ ಮೀರಿಸುವವರಿಲ್ಲ. ಊರಿನ ಯಾವ ಮನೆಗೆ ಹೋಗಿ ಕೂತರೂ ನೀವು ಕೂರುತ್ತಿದ್ದುದು ಲಿಂಗದೇವರು ಹೆಣೆದ ಕುರ್ಚಿಯ ಮೇಲೆಯೇ. ಎಲ್ಲಿಂದ ಎಲ್ಲಿಗೆ ಎಷ್ಟು ಹೆಜ್ಜೆ ಎನ್ನುವುದು ಅವರ ನಾಲಿಗೆ ತುದಿಯಲ್ಲಿರುತ್ತಿತ್ತು. ಆದರೆ ಬೇರೆ ಮನೆಗಳು ವಾರಕ್ಕೊಂದು ಸರಿಯುವ ಊರಿನಲ್ಲಿ ಆ ಲೆಕ್ಕ ಎಷ್ಟು ದಿನ ನಿಂತೀತು? ಯಾರದೋ ಮನೆಯೆಂದು ಇನ್ಯಾರದೋ ಜಗಲಿ ಹತ್ತಿ, “ಓಹೋ, ಇವರೂ ನೋಟಿಸು ತಿಂದರು ಅನ್ನಿ” ಎಂದು ನಗುತ್ತಾ ಇಳಿಯುತ್ತಿದ್ದರು.

ಅವರಿಗೇನು ನೋಟಿಸು ಬರುತ್ತಿರಲಿಲ್ಲವೆ? ಧಾರಾಳವಾಗಿ ಬರುತ್ತಿತ್ತು. ಆದರೆ ಸಂಘವನ್ನು ಕಟ್ಟಿದ ಹಿರಿಯರು ಯಾರೋ, ಅವರಿಗೆ ಪುಣ್ಯ ಬರಲಿ, ನಿಯಮದ ಪುಸ್ತಕದಲ್ಲಿ ಒಂದು ಸಾಲು ಬರೆದಿಟ್ಟಿದ್ದರು. ಓದಲಾರದವರಿಗೆ ನೋಟಿಸನ್ನು ಬೇರೆಯವರು ಓದಿ ಹೇಳಬೇಕು. ಆದರೆ ಹಾಗೆ ಓದುವವರನ್ನು ಅವರೇ ಬಾಯಿಬಿಟ್ಟು ಕೇಳಿಕೊಂಡಿರಬೇಕು. ಕೇಳದೆ ಓದಿದರೆ ಅದು ಓದಿದ ಹಾಗಲ್ಲ. ಲಿಂಗದೇವರು ಯಾರನ್ನೂ ಕೇಳಿಕೊಳ್ಳಲಿಲ್ಲ. ಊರಿನ ನಿವಾಸಿಗಳಿಗೆ ಹಕ್ಕು ಅಂತ ಏನಾದರೂ ಇದ್ದರೆ ಅದು ಈ ಒಬ್ಬ ಮನುಷ್ಯನ ಬಾಯಲ್ಲಿ ಇತ್ತು, ಅವರು ಬಾಯಿ ಮುಚ್ಚಿಕೊಂಡಿರುವಷ್ಟು ದಿನ.

ವಾರಕ್ಕೊಮ್ಮೆ ನಾನು ಅವರ ಜಗಲಿಗೆ ಹೋಗಿ ಬಂದ ಕಾಗದಪತ್ರ ಓದಿ ಹೇಳುತ್ತಿದ್ದೆ. ತಂಗಿಯ ಕಾಗದ, ಔಷಧಿಯ ಚೀಟಿ, ಬೆತ್ತ ಕಳಿಸುವ ವ್ಯಾಪಾರಿಯ ಪಟ್ಟಿ. ಸಂಘದ ನೋಟಿಸು ಗುಲಾಬಿ ಬಣ್ಣದ ದಪ್ಪ ಕಾಗದ. ಅದು ಕೈಗೆ ಬಂದರೆ ನಾನು ಸುಮ್ಮನಾಗುತ್ತಿದ್ದೆ. ಅವರು ಕೈ ಚಾಚಿ, ಬೆರಳಲ್ಲಿ ಸವರಿ, “ಇದು ಬುಟ್ಟಿಗೆ” ಅನ್ನುತ್ತಿದ್ದರು. ಮೂಲೆಯಲ್ಲಿ ಒಂದು ಬೆತ್ತದ ಬುಟ್ಟಿ. ಅದರ ತುಂಬ ಓದದ ನೋಟಿಸು. ನಾನು ಒಂದನ್ನೂ ಅಪ್ಪಿತಪ್ಪಿ ಓದಿದವಳಲ್ಲ. ಅಷ್ಟು ವರ್ಷ ನಾನು ಮಾಡಿದ್ದು ಅದೊಂದೇ ಒಳ್ಳೆಯ ಕೆಲಸ, ಅದೂ ಬಾಯಿ ಮುಚ್ಚಿಕೊಂಡಿದ್ದು.

ಆ ವರ್ಷ ಬೇಸಿಗೆಯಲ್ಲಿ ಕಾರ್ಯದರ್ಶಿ ಶ್ರೀಕಂಠಸ್ವಾಮಿ ನನ್ನ ಮನೆಗೆ ಬಂದರು. ತುಂಬ ಸಜ್ಜನರು. ಹೊಸಿಲ ಹೊರಗೇ ಚಪ್ಪಲಿ ಬಿಟ್ಟು, ಹೇಮಾಳ ಓದಿನ ಬಗ್ಗೆ ವಿಚಾರಿಸಿ, ಮಜ್ಜಿಗೆ ಕುಡಿದು, ಕಿಟಕಿಯಿಂದ ಗೋಡೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

“ಎಂಟು ಹೆಜ್ಜೆ ಅಲ್ವೇನಮ್ಮ?”

“ಹೌದು ಸಾರ್.”

“ನಂಗೆ ರಾತ್ರಿ ನಿದ್ದೆ ಬರಲ್ಲ ತಾಯಿ. ಹೆಣ್ಣುಮಗು ಇರೋ ಮನೆ. ಸಮಿತಿಯವರಿಗೆ ನಾನೇ ಹೇಳಿದೀನಿ, ವನಜಾಕ್ಷಮ್ಮನ ಮನೇನ ನಲವತ್ತು ಹೆಜ್ಜೆ ಒಳಕ್ಕೆ ತಗೋಬೇಕು ಅಂತ. ಅವರು ಒಪ್ತಾರೆ. ಆದ್ರೆ ನೀವೂ ಊರಿಗೊಂದು ಉಪಕಾರ ಮಾಡ್ಬೇಕು.”

ಉಪಕಾರ ಏನೆಂದು ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಲಿಂಗದೇವರ ಬುಟ್ಟಿ. ಒಬ್ಬರ ಮನೆಗೆ ಒಂದು ನಿಯಮ, ಉಳಿದವರಿಗೆ ಇನ್ನೊಂದು ಆದರೆ ಊರು ಹೇಗೆ ನಡೆದೀತು ಎಂದರು. ಹಾಗಂತ ಲಿಂಗದೇವರಿಗೆ ಕೇಡು ಬಯಸುವವರು ಯಾರೂ ಇಲ್ಲವಂತೆ. ನೋಟಿಸುಗಳನ್ನು ಕೇಳಿಸಿಕೊಂಡು, ಎಲ್ಲಕ್ಕೂ ಸೇರಿಸಿ ಒಂದು ಉತ್ತರ ಬರೆಸಿಕೊಟ್ಟರೆ, ಬರುವ ಮಹಾಸಭೆಯಲ್ಲಿ ಎಲ್ಲವನ್ನೂ ಒಟ್ಟಿಗೆ ರದ್ದು ಮಾಡುತ್ತಾರಂತೆ. ಅಲ್ಲಿಯವರೆಗೆ ಮನೆ ಸರಿಯದ ಹಾಗೆ ತಡೆ ಇರುತ್ತದಂತೆ.

“ಆ ತಡೆ ಅಂದ್ರಲ್ಲ ಸಾರ್, ಅದನ್ನ ಬರೆದು ಕೊಡ್ತೀರಾ?” ಎಂದೆ.

ಶ್ರೀಕಂಠಸ್ವಾಮಿಯವರ ಮುಖ ಸಣ್ಣದಾಯಿತು. “ನನ್ನ ಮಾತು ಸಾಲ್ದೇನಮ್ಮ?” ಎಂದರು.

ನಾನು ಎರಡನೆಯ ಸಲ ಕೇಳಲಿಲ್ಲ. ಈ ಕಥೆಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನೋಡಿದ್ದೇನೆ. ಗೊತ್ತಿರಲಿಲ್ಲ, ನಿಜ. ಆದರೆ ಎರಡನೆಯ ಸಲ ಕೇಳಿದ್ದರೆ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ನಲವತ್ತು ಹೆಜ್ಜೆ ಬೇಡವೆನ್ನಬೇಕಾಗುತ್ತಿತ್ತು. ಅದಕ್ಕೇ ಕೇಳಲಿಲ್ಲ.

ಮಾರನೆಯ ದಿನ ಲಿಂಗದೇವರ ಜಗಲಿಯಲ್ಲಿ ಕೂತು ವಿಷಯ ತೆಗೆದೆ. ಅವರು ಕುರ್ಚಿಯ ಬೆನ್ನು ಹೆಣೆಯುತ್ತಿದ್ದರು. ಬೆರಳು ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡರು.

“ಇಪ್ಪತ್ತು ವರ್ಷ ಬುಟ್ಟಿಲಿ ಇದ್ದದ್ದು ಇನ್ನಿಪ್ಪತ್ತು ವರ್ಷ ಇದ್ರೆ ಏನಂತೆ ವನಜಕ್ಕ?”

“ಮುಂದೆ ಇನ್ಯಾರೋ ಕಾರ್ಯದರ್ಶಿ ಬಂದು ನಿಯಮಾನೇ ಬದಲಾಯಿಸಿಬಿಟ್ರೆ? ಈಗಲಾದ್ರೆ ಎಲ್ಲ ರದ್ದು ಮಾಡ್ತೀವಿ ಅಂತಿದಾರೆ.”

“ರದ್ದು ಅಂದ್ರೆ, ಮನೇಲಿ ಕೂತು ಕೈಕೆಲಸ ಮಾಡೋದು ವ್ಯಾಪಾರ ಅಲ್ಲ ಅಂತ ಒಪ್ಕೊಂಡ ಹಾಗೆ?”

“ಹಾಗೇ ಅಂತ ಇಟ್ಕೊಳ್ಳಿ.”

ಅವರ ಬೆರಳು ನಿಂತಿತು. “ನಂದು ವ್ಯಾಪಾರ ಅಲ್ಲ ಅಂದ್ರೆ ನಿಮ್ಮ ಪಾಠಾನೂ ವ್ಯಾಪಾರ ಅಲ್ಲ ಅಂತ ಆಗ್ಬೇಕಲ್ವಾ? ಆವಾಗ ನಿಮ್ಮ ಮನೆ ತಿರುಗಿ ಒಳಕ್ಕೆ ಬರುತ್ತಾ?”

ಬರಬಹುದು ಎಂದೆ.

“ಹಾಗಿದ್ರೆ ಓದಿ. ನಾನೇ ಕೇಳ್ಕೊತಿದೀನಿ. ನೀವು ಹೇಳಿದ್ಮೇಲೆ ಸರಿಯಾಗೇ ಇರುತ್ತೆ.”

ಮಧ್ಯಾಹ್ನ ಊಟ ಮುಗಿಸಿ ಶುರುಮಾಡಿದೆ. ಬುಟ್ಟಿಯಲ್ಲಿ ನಲವತ್ತೊಂದು ಇದ್ದವು. ಮೊದಲನೆಯದು, ಬೆತ್ತ ನೆನೆಹಾಕುವ ತೊಟ್ಟಿಯನ್ನು ರಸ್ತೆಗೆ ಕಾಣುವಂತೆ ಇಟ್ಟಿರುವುದು. “ಕಾಣೋ ಹಾಗೆ ಇಟ್ಟಿದ್ದು ತಪ್ಪಾ! ನನಗೆ ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ ನೋಡಿ” ಎಂದು ಅವರು ನಕ್ಕರು. ಆಮೇಲೆ, ಊರುಗೋಲಿನಿಂದ ಸಂಘದ ಕಲ್ಲುಹಾಸನ್ನು ತಟ್ಟಿ ಅಕ್ಕಪಕ್ಕದವರ ಮಧ್ಯಾಹ್ನದ ನಿದ್ದೆಗೆ ಭಂಗ ತಂದಿರುವುದು. ದೀಪಾವಳಿಯ ಮೂರು ಸಂಜೆ ಜಗಲಿಯಲ್ಲಿ ದೀಪ ಹಚ್ಚದೆ ಬೀದಿಯ ಅಂದ ಕೆಡಿಸಿರುವುದು. ಎದುರಿಗೆ ಸಿಕ್ಕ ಪದಾಧಿಕಾರಿಗಳನ್ನು ಕಂಡೂ ಕಾಣದಂತೆ ಹೋಗಿರುವುದು. ಇದನ್ನು ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಅವರ ಜೊತೆ ನಾನೂ ನಕ್ಕೆ. ಇನ್ನೊಮ್ಮೆ ಓದಿ ಎಂದರು. ಇನ್ನೊಮ್ಮೆ ಓದಿದೆ. ಮೂವತ್ತು ಓದುವವರೆಗೆ ಅದು ಒಂದು ತಮಾಷೆಯ ಮಧ್ಯಾಹ್ನವೇ ಆಗಿತ್ತು.

ಮೂವತ್ತೆರಡನೆಯದೋ ಮೂವತ್ತಮೂರನೆಯದೋ ಬೇರೆ ಥರ ಇತ್ತು. ಬೆಳಗ್ಗೆ ಶುಭಕಾರ್ಯಕ್ಕೆ ಹೊರಟವರಿಗೆ ಕಣ್ಣಿಲ್ಲದವರ ಮುಖ ಎದುರಾಗಿ ಅಡಚಣೆಯಾಗುತ್ತಿದೆಯೆಂದೂ, ಒಂಬತ್ತು ಗಂಟೆಯವರೆಗೆ ಅವರು ಜಗಲಿಯಲ್ಲಿ ಕೂರಬಾರದೆಂದೂ ಸಂಘಕ್ಕೆ ದೂರು ಬಂದಿತ್ತು. ಕೆಳಗೆ ಏಳು ಜನರ ಹೆಸರು. ನಾನು ಹೆಸರು ಬಿಟ್ಟು ಮುಂದಿನದಕ್ಕೆ ಹೋದೆ. ಲಿಂಗದೇವರು ಕೈ ಎತ್ತಿ ತಡೆದರು.

“ಯಾರ್ಯಾರು?”

“ಯಾಕೆ ಬಿಡಿ.”

“ಓದಿ ಅಂತ ಕೇಳ್ಕೊಂಡಿದೀನಿ, ಓದ್ಬೇಕು.”

ಓದಿದೆ. ಏಳು ಹೆಸರಿಗೂ ಅವರು ತಲೆಯಾಡಿಸಿದರು. ಎಲ್ಲ ಅವರದೇ ಬೀದಿಯವರು. “ಬುಟ್ಟಿಲಿ ಇರೋವರೆಗೆ ಇವರೆಲ್ಲ ಒಳ್ಳೆಯವರಾಗಿದ್ರು” ಎಂದರು. ಉಳಿದ ನೋಟಿಸುಗಳಿಗೆ ಅವರು ನಗಲಿಲ್ಲ. ನಾನೂ ಪಾಠ ಒಪ್ಪಿಸುವವಳ ಹಾಗೆ ಗಡಗಡ ಓದಿ ಮುಗಿಸಿದೆ. ಆಮೇಲೆ ಅವರು ಹೇಳುತ್ತ ಹೋದರು, ನಾನು ಬರೆದೆ. ಉತ್ತರ ನಾಲ್ಕು ಪುಟ ಆಯಿತು. ಯಾರ ಮೇಲೂ ಒಂದು ಬಿರುನುಡಿಯಿಲ್ಲ. ಕೊನೆಯಲ್ಲಿ ಒಂದು ಮಾತು ಸೇರಿಸಿ ಎಂದರು: ‘ಇದೇ ರೀತಿ ವನಜಾಕ್ಷಿಯವರು ಮನೆಯಲ್ಲಿ ಪಾಠ ಹೇಳುವುದನ್ನೂ ವ್ಯಾಪಾರವೆಂದು ಎಣಿಸದೆ, ಅವರ ಮನೆಯನ್ನು ಮೊದಲಿದ್ದ ಜಾಗಕ್ಕೆ ಬಿಡಬೇಕಾಗಿ ಕೋರುತ್ತೇನೆ.’ ನನ್ನ ಹೆಸರನ್ನು ನನ್ನ ಕೈಯಿಂದಲೇ ಬರೆದೆ. ಅವರು ಹೆಬ್ಬೆಟ್ಟು ಒತ್ತಿದರು. ಸಂಜೆ ಅದನ್ನು ನಾನೇ ಕಾರ್ಯದರ್ಶಿಗೆ ಕೊಟ್ಟು ಬಂದೆ.

ಮಾರನೆಯ ಬೆಳಗ್ಗೆ ಹೇಮಾ ಕೂಗಿಕೊಂಡಳು. “ಅಮ್ಮಾ, ನೋಡು ಬಾ! ನಮ್ಮನೆ ಒಳಗೆ ಬಂದಿದೆ!” ಬಾಗಿಲು ತೆಗೆದರೆ ಎದುರಿಗೆ ನಾನು ಯಾವತ್ತೂ ನೋಡದ ಒಂದು ಬೇವಿನ ಮರ. ಗೋಡೆ ದೂರದಲ್ಲಿತ್ತು. ಅವಳು ಕುಣಿಯುತ್ತಿದ್ದಳು, ನಾನು ಮಾತ್ರ ಟ್ಯಾಂಕಿನ ಕಡೆಗೆ ಓಡಿದೆ. ಟ್ಯಾಂಕಿನ ಪಕ್ಕ ಬೆತ್ತ ನೆನೆಹಾಕುವ ತೊಟ್ಟಿ ಒಂದೇ ಇತ್ತು. ಮನೆ ಇರಲಿಲ್ಲ. ಅಲ್ಲಿಂದ ಗೋಡೆಗೆ ಮುನ್ನೂರ ಎಂಬತ್ತು ಹೆಜ್ಜೆ. ನಲವತ್ತೊಂದು ನೋಟಿಸಿಗೆ ಹತ್ತರಂತೆ ನಾನೂರ ಹತ್ತು. ಇಷ್ಟು ಸಣ್ಣ ಲೆಕ್ಕವನ್ನು ಮಕ್ಕಳಿಗೆ ದಿನಾ ಹೇಳಿಕೊಡುವ ನಾನು, ಹಿಂದಿನ ದಿನ ಒಂದು ಸಲವೂ ಮಾಡಿರಲಿಲ್ಲ.

ಗೇಟಿನಿಂದ ಹೊರಗೆ ಹೋಗುವವರನ್ನು ಯಾರೂ ತಡೆಯುವುದಿಲ್ಲ. ಗೋಡೆ ಸುತ್ತಿಕೊಂಡು ಹೋದೆ. ಮನೆ ಅಲ್ಲಿತ್ತು, ಗೋಡೆಯಿಂದ ಮೂವತ್ತು ಹೆಜ್ಜೆ ಆಚೆ, ಕ್ವಾರಿಯ ಕಡೆ ಮುಖ ಮಾಡಿಕೊಂಡು. ಲಿಂಗದೇವರು ಹೊಸಿಲ ಮೇಲೆ ಕೂತಿದ್ದರು, ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು. ಗೋಡೆಯ ಹೊರಗಿರುವುದು ಗಾಳಿಯಲ್ಲೇ ಅವರಿಗೆ ಗೊತ್ತಾಗಿರಬೇಕು.

“ವನಜಕ್ಕಾನಾ? ಎದುರಿಗೆ ಖಾಲಿ ಇದೆ ಅಲ್ವಾ? ಸದ್ದು ಹೋಗಿ ವಾಪಸ್ ಬರ್ತಿಲ್ಲ.”

“ಕ್ವಾರಿ” ಎಂದೆ.

“ಹೊಸಿಲಿಂದ ಅಂಚಿಗೆ ಎಷ್ಟು ಹೆಜ್ಜೆ, ನೋಡಿ ಹೇಳಿ. ನನ್ನ ಹೆಜ್ಜೆ ನಿಮಗೆ ಗೊತ್ತಲ್ಲ, ಆ ಅಳತೇಲಿ.”

ನಡೆದು ನೋಡಿದೆ. ಎರಡು ಸಲ ಎಣಿಸಿ, “ಹದಿನಾಲ್ಕು” ಎಂದೆ.

“ಹದಿನಾಲ್ಕು” ಎಂದು ಅವರು ಬಾಯಲ್ಲಿ ಇಟ್ಟುಕೊಂಡರು. ಆಮೇಲೆ, “ನಿಮ್ಮನೆ?” ಎಂದರು.

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. “ಒಳಗೆ ಬಂದಿದೆ” ಎಂದೆ.

“ಎಷ್ಟು?”

“ನಲವತ್ತು.”

“ಮಹಾಸಭೆ ಇನ್ನೂ ಆಗಿಲ್ಲ. ನನ್ನ ಉತ್ತರ ಇನ್ನೂ ಯಾರೂ ಓದಿಲ್ಲ.” ಅವರು ಲೆಕ್ಕ ಮುಗಿಸಿದ ಹಾಗೆ ತಲೆಯಾಡಿಸಿದರು. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. “ವನಜಕ್ಕ, ನಿಮ್ಮ ಮುಖ ಹೇಗಿದೆ ಅಂತ ನನಗೆ ಗೊತ್ತಿಲ್ಲ. ನನ್ನ ಪಾಲಿಗೆ ನೀವು ಅಂದ್ರೆ ನಿಮ್ಮ ದನಿ. ಅದು ಇನ್ನು ನನ್ನ ಕಿವಿಗೆ ಬೀಳೋದು ಬೇಡ. ಹೋಗಿ ಬನ್ನಿ.”

ಮಹಾಸಭೆ ನಡೆಯಿತು. ನಮ್ಮಲ್ಲಿ ಆಕ್ಷೇಪಣೆ ಇದ್ದವರು ಎದ್ದು ನಿಲ್ಲಬೇಕು. ಒಬ್ಬರಾದರೂ ಜೊತೆಗೆ ಏಳಬೇಕು. ಆಗ ಮಾತ್ರ ಅದು ಆಕ್ಷೇಪಣೆ. ಶ್ರೀಕಂಠಸ್ವಾಮಿ ಲಿಂಗದೇವರ ಉತ್ತರವನ್ನು ಮೇಜಿನ ಮೇಲಿಟ್ಟು, ಉತ್ತರಿಸಿದವರು ಊರಿನ ನಿವಾಸಿಯಲ್ಲದ ಕಾರಣ ಇದನ್ನು ಪರಿಶೀಲಿಸಲು ಬರುವುದಿಲ್ಲವೆಂದು ವ್ಯಥೆಯಿಂದ ಹೇಳಿದರು. ಕಣ್ಣಂಚು ಒದ್ದೆಯಾಗಿತ್ತು, ಆಣೆ ಮಾಡಿ ಹೇಳುತ್ತೇನೆ. ನಾನು ಎದ್ದು ನಿಂತೆ. ಬರೆಸಿಕೊಂಡ ದಿನ ಅವರು ನಿವಾಸಿಯೇ ಆಗಿದ್ದರು, ತಡೆ ಇದೆ ಅಂತ ನೀವೇ ಹೇಳಿದಿರಿ ಅಂತ ಕೂಗಿದೆ. ಮುನ್ನೂರು ಜನ ಕೂತಿದ್ದರು. ನಾನು ಒಬ್ಬೊಬ್ಬರ ಮುಖ ನೋಡಿದೆ. ಕೆಲವರು ಚಪ್ಪಲಿ ನೋಡಿಕೊಂಡರು. ಪಕ್ಕದ ಮನೆಯ ಸರಸ್ವತಮ್ಮ, ನನ್ನ ಕೈಯಿಂದ ಅವರ ಇಬ್ಬರು ಮಕ್ಕಳು ಪಾಸಾಗಿದ್ದರು, ನನ್ನ ಸೆರಗು ಹಿಡಿದೆಳೆದು, “ಕೂತ್ಕೊಳ್ರೀ, ಹೇಮಾನ ಮುಖ ನೋಡಿ ಕೂತ್ಕೊಳ್ಳಿ” ಎಂದರು. ಒಬ್ಬರೂ ಏಳಲಿಲ್ಲ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಅವರ ಜಾಗದಲ್ಲಿ ನಾನು ಎಷ್ಟು ಸಭೆಗಳಲ್ಲಿ ಕೂತಿದ್ದೆನೋ. ಸಭೆ ಮುಗಿದು ವಂದನಾರ್ಪಣೆ ಆಗುವವರೆಗೂ ನಿಂತೇ ಇದ್ದೆ.

ಅಷ್ಟೆಲ್ಲ ಕೂಗಾಡಿದ್ದಕ್ಕೆ ನನಗೆ ನೋಟಿಸು ಬರುತ್ತದೆಂದುಕೊಂಡೆ. ಬರಲಿಲ್ಲ. ಪಾಠದ ಮಕ್ಕಳನ್ನು ಬೀದಿಯಲ್ಲೇ ಚಾಪೆ ಹಾಸಿ ಕೂರಿಸಿದೆ, ಒದ್ದೆ ಬಟ್ಟೆಗಳನ್ನು ಮುಂಬಾಗಿಲಿಗೇ ತೂಗಿಹಾಕಿದೆ. ಜವಾನ ನೋಡಿ ನಕ್ಕು ಮುಂದೆ ಹೋದ. ಊರಿಗೆ ಉಪಕಾರ ಮಾಡಿದವಳ ಮನೆಗೆ ನೋಟಿಸು ಹೇಗೆ ಬಂದೀತು? ಹೇಮಾ ಹತ್ತನೆಯ ಕ್ಲಾಸಿಗೆ ಹೋದಳು. ಅವಳ ಸಮವಸ್ತ್ರ ಇಸ್ತ್ರಿ ಮಾಡುವಾಗೆಲ್ಲ ನನಗೆ ಆ ಮಧ್ಯಾಹ್ನ ನಕ್ಕ ನಗು ನೆನಪಾಗಿ ಮೈಗೆ ಬೆಂಕಿ ಬಿದ್ದ ಹಾಗಾಗುತ್ತಿತ್ತು.

ಲಿಂಗದೇವರು ಆ ಮನೆಯನ್ನು ಬಿಟ್ಟು ಹೋಗಲಿಲ್ಲ. ತಂಗಿ ಬಂದು ಕರೆದಳಂತೆ, ಒಲ್ಲೆ ಎಂದರಂತೆ. ಬೆತ್ತದ ವ್ಯಾಪಾರಿ ಹೊರಗಿನ ರಸ್ತೆಯಿಂದಲೇ ಬಂದು ಬೆತ್ತ ಕೊಟ್ಟು, ಹೆಣೆದ ಕುರ್ಚಿ ಒಯ್ಯುತ್ತಿದ್ದ. ಒಂದು ಪೀಪಾಯಿ ನೀರನ್ನೂ ಇಳಿಸಿ ಹೋಗುತ್ತಿದ್ದ. ಮನೆಯ ಕಸ, ಬೆತ್ತದ ಚೂರು ಇವನ್ನೆಲ್ಲ ಲಿಂಗದೇವರು ದಿನಾ ಮಧ್ಯಾಹ್ನ ಒಂದು ಮೊರದಲ್ಲಿ ತುಂಬಿಕೊಂಡು, ಹೊಸಿಲಿಂದ ಹನ್ನೊಂದು ಹೆಜ್ಜೆ ನೇರ ನಡೆದು, ಕ್ವಾರಿಗೆ ಬೀಸಿ ಎಸೆದು, ತಿರುಗಿ ಹನ್ನೊಂದು ಹೆಜ್ಜೆ ಎಣಿಸಿಕೊಂಡು ಒಳಗೆ ಹೋಗುತ್ತಿದ್ದರು. ಮೂರು ಹೆಜ್ಜೆ ಯಾವಾಗಲೂ ಉಳಿಸಿಕೊಳ್ಳುತ್ತಿದ್ದರು. ಇದು ನನಗೆ ಹೇಗೆ ಗೊತ್ತೆಂದರೆ, ನಾನು ದಿನಾ ಆ ಹೊತ್ತಿಗೆ ಹೋಗಿ, ಬರಿಗಾಲಲ್ಲಿ, ಗೋಡೆಯ ಮಗ್ಗುಲಲ್ಲಿ ನಿಂತು ನೋಡುತ್ತಿದ್ದೆ. ಒಂದು ಕೆಮ್ಮು ಬಂದರೂ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಅವರಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಿದರೆ ಏನೂ ಇಲ್ಲ. ನನ್ನ ಸಮಾಧಾನಕ್ಕೂ ಅಲ್ಲ, ಸಮಾಧಾನ ಆಗುತ್ತಲೂ ಇರಲಿಲ್ಲ.

ಮಳೆ ಹಿಡಿಯಿತು. ಐದು ದಿನ ಬಿಡದೆ ಸುರಿದು, ನನಗೆ ಮನೆಯಿಂದ ಹೊರಗೆ ಕಾಲಿಡಲಾಗಲಿಲ್ಲ. ಆರನೆಯ ದಿನ ಮಧ್ಯಾಹ್ನ ಹೊಳವಾಯಿತು. ಹೋಗಿ ನೋಡಿದರೆ ಕ್ವಾರಿಯ ಅಂಚು ಅಲ್ಲಿರಲಿಲ್ಲ. ಮೇಲಿನ ಮಣ್ಣು ಸಾರಾಸಗಟಾಗಿ ಕುಸಿದು, ಹೊಸ ಕೆಂಪು ಅಂಚು ಲಿಂಗದೇವರ ಬಾಗಿಲಿಗೆ ಹತ್ತಿರ ಬಂದಿತ್ತು. ಕಣ್ಣಳತೆಯಲ್ಲಿ ಒಂಬತ್ತೇ ಹೆಜ್ಜೆ. ಐದು ದಿನದ ಕಸ ತುಂಬಿದ ಮೊರ ಹಿಡಿದುಕೊಂಡು ಅವರು ಆಗಲೇ ಹೊಸಿಲು ಇಳಿಯುತ್ತಿದ್ದರು. ಮೊರ ಹಿಡಿಯಲು ಎರಡು ಕೈಯೂ ಬೇಕಾಗಿ ಕೋಲನ್ನು ಬಾಗಿಲಿಗೆ ಒರಗಿಸಿ ಬಂದಿದ್ದರು. ಒಂದು, ಎರಡು, ಮೂರು ಎಂದು ತುಟಿ ಅಲುಗುತ್ತಿತ್ತು. ಆರು ಆಗುವವರೆಗೂ ನನ್ನ ಬಾಯಿ ತೆರೆಯಲೇ ಇಲ್ಲ. ದನಿ ಕೇಳಬಾರದು ಎಂದಿದ್ದರಲ್ಲ, ಆ ಮಾತು ತಡೆಯಿತು. ಏಳನೆಯದಕ್ಕೆ ಕಿರುಚಿದೆ.

“ನಿಲ್ಲಿ! ಲಿಂಗದೇವ್ರೇ, ಅಲ್ಲೇ ನಿಲ್ಲಿ!”

ನಿಂತರು. ಕಿವಿಯನ್ನು ನನ್ನ ಕಡೆ ತಿರುಗಿಸಿದರು. ಮುಖ ಕಲ್ಲಿನ ಹಾಗಾಯಿತು.

“ಮತ್ತೇನು ಓದೋಕೆ ಬಂದ್ರಿ?”

“ಅಂಚು ಕುಸಿದಿದೆ. ನಿಮ್ಮ ಮುಂದೆ ಎರಡೇ ಹೆಜ್ಜೆ ಇದೆ. ದಮ್ಮಯ್ಯ, ಹಿಂದಕ್ಕೆ ಬನ್ನಿ.”

“ಹದಿನಾಲ್ಕು ಅಂತ ಎಣಿಸಿ ಹೇಳಿದ್ದು ನೀವೇ.”

“ಆವಾಗ ಹದಿನಾಲ್ಕೇ ಇತ್ತು.”

“ಆವತ್ತು ಹೇಳಿದ್ದು ಸುಳ್ಳಾ, ಇವತ್ತು ಹೇಳ್ತಿರೋದು ಸುಳ್ಳಾ?”

ನಾನು ಓಡುತ್ತಲೇ ಇದ್ದೆ. “ಎರಡೂ ನಿಜ” ಎಂದೆ. ಜಗತ್ತಿನಲ್ಲಿ ನಾನು ಆಡಿದ ಅತ್ಯಂತ ನಿಜವಾದ ಮಾತು ಅದು. ಅವರು ಒಂದು ಕ್ಷಣ ಯೋಚಿಸಿದರು. ಆಮೇಲೆ, ಇದೇ ದನಿ ಒಮ್ಮೆ ಎಲ್ಲ ರದ್ದಾಗುತ್ತದೆ ಎಂದಿದ್ದನ್ನು ನೆನೆದುಕೊಂಡರೇನೋ, ತುಟಿ ಬಿಗಿದು, “ಎಂಟು” ಎಂದು ಕಾಲು ಎತ್ತಿ ಮುಂದಿಟ್ಟರು. “ಒಂಬತ್ತು” ಅನ್ನುವಾಗ ನಾನು ಅವರ ಅಂಗಿಯ ಹಿಂಭಾಗವನ್ನು ಎರಡೂ ಕೈಯಿಂದ ಹಿಡಿದು ಎಳೆದಿದ್ದೆ. ಇಬ್ಬರೂ ಕೆಸರಿನಲ್ಲಿ ಅಂಗಾತ ಬಿದ್ದೆವು. ಮೊರ ಕೆಳಗೆ ಹೋಯಿತು. ಅದು ನೀರಿಗೆ ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಬಂತು.

ಅವರು ಎದ್ದು ಕೂತು, ತೆವಳಿ, ಕೈ ಚಾಚಿ ಅಂಚನ್ನು ಸವರಿದರು. ಒದ್ದೆ ಮಣ್ಣು ಅವರ ಬೆರಳಿಗೆ ಸಿಕ್ಕಿ ಇನ್ನಷ್ಟು ಉದುರಿತು. ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಈಗ ನಂಬಿದರು ಎಂದು ಗೊತ್ತಾಯಿತು. ನಂಬಿದ್ದು ಮಣ್ಣನ್ನು. ನಾನು ಅವರ ತೋಳು ಹಿಡಿದು ಎಬ್ಬಿಸಲು ಹೋದೆ.

“ಬಿಡಿ” ಎಂದರು. “ನಾನೇ ಎಣಿಸ್ಕೊಂಡು ಹೋಗ್ತೀನಿ.”

ಎದ್ದು ನಿಲ್ಲಲಿಲ್ಲ. ಇನ್ನು ಹೆಜ್ಜೆಯ ಮೇಲೂ ಅವರಿಗೆ ಭರವಸೆ ಇರಲಿಲ್ಲ. ಬಾಗಿಲಿನ ಕಡೆ ತಿರುಗಿ, ಮಂಡಿಯೂರಿ, ಬಲಗೈಯನ್ನು ಕೆಸರಿನ ಮೇಲೆ ಹರಡಿ ಗೇಣು ಗೇಣಾಗಿ ಅಳೆಯುತ್ತ, ಒಂದು, ಎರಡು, ಮೂರು ಎಂದು ಮಗುವಿನ ಹಾಗೆ ಗಟ್ಟಿಯಾಗಿ ಎಣಿಸುತ್ತ ಹೊರಟರು. ಹದಿನೈದು ದಾಟಿ, ಇಪ್ಪತ್ತು ದಾಟಿ, ನಡುವೆ ಒಂದು ಕಡೆ ಎಡಕ್ಕೆ ವಾಲಿದರು, ಬಾಗಿಲು ಬಲಕ್ಕಿತ್ತು. ಬಲಕ್ಕೆ ತಿರುಗಿ ಎಂದು ಹೇಳಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡು ಅವರ ಹಿಂದೆ, ಒಂದು ಗೇಣು ದೂರ ಬಿಟ್ಟು, ತೆವಳುತ್ತ ಹೋದೆ.